ಆನೆಗೊಂದಿಯನ್ನು ಹಂಪಿಯ ಅನುಬಂಧವೆಂದು ನೋಡುವುದು ನಿಲ್ಲಲಿ

ಸಂಪಾದಕರಿಗೆ,

ಮಾನ್ಯರೇ,

ಹನುಮನ ಜನ್ಮಸ್ಥಳವೆಂದು ಭಕ್ತರು ನಂಬುವ ಅಂಜನಾದ್ರಿ ಬೆಟ್ಟದ ಅಭಿವೃದ್ಧಿ, ವ್ರತದ ಮಾಲೆ ಧರಿಸಿ ಬರುವ ಹನುಮಮಾಲಾಧಾರಿಗಳಿಗೆ ಬೇಕಾದ ಸೌಕರ್ಯ, ವಾಹನ ನಿಲುಗಡೆ, ಯಾತ್ರಿ ನಿವಾಸ ಮುಂತಾದ ವಿಷಯಗಳ ಬಗ್ಗೆ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ವರದಿಗಳು ಬರುತ್ತಲೇ ಇರುತ್ತವೆ. 2022ರ ರಾಜ್ಯ ಬಜೆಟ್‌ನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾದ ಮೇಲಂತೂ ಈ ಸುದ್ದಿಗಳಿಗೆ ಬಿಡುವೇ ಇಲ್ಲ. ಆದರೆ ಬೆಟ್ಟದ ಪಕ್ಕದಲ್ಲೇ ಇರುವ ಆನೆಗೊಂದಿ ಎಂಬ ಊರಿನ ಹೆಸರು ಈ ವರದಿಗಳಲ್ಲಿ ಬರುವುದು ಬಹುಮಟ್ಟಿಗೆ ವಿಳಾಸ ತಿಳಿಸುವುದಕ್ಕೆ ಮಾತ್ರ. ಹಂಪಿಯ ಬಗ್ಗೆ ಬರೆಯುವವರಿಗೆ ಅದು ಹೊಳೆಯಾಚೆಯ ಊರು, ಅಂಜನಾದ್ರಿಯ ಬಗ್ಗೆ ಬರೆಯುವವರಿಗೆ ದಾರಿಯಲ್ಲಿ ಸಿಗುವ ಊರು. ಅದಕ್ಕೆ ತನ್ನದೇ ಆದ ಚರಿತ್ರೆಯಿದೆ ಎಂಬುದನ್ನೂ, ಆ ಚರಿತ್ರೆಯನ್ನು ದಾಖಲಿಸಿ ಕಾಪಾಡುವ ಹೊಣೆ ಈಗ ಯಾರ ಮೇಲೂ ಸರಿಯಾಗಿ ಬಿದ್ದಿಲ್ಲ ಎಂಬುದನ್ನೂ ಓದುಗರ ಹಾಗೂ ಅಧಿಕಾರಿಗಳ ಗಮನಕ್ಕೆ ತರಲು ಈ ಪತ್ರ.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಈ ಊರು ತುಂಗಭದ್ರೆಯ ಎಡದಂಡೆಯಲ್ಲಿದೆ. ಬಲದಂಡೆಯಲ್ಲಿ ಹಂಪಿಯಿದೆ. ವಿಜಯನಗರದ ಕಥೆಯನ್ನು ನಾವು ಸಾಮಾನ್ಯವಾಗಿ 1336ರಿಂದ, ಬಲದಂಡೆಯಿಂದ ಆರಂಭಿಸುತ್ತೇವೆ. ಆದರೆ ಆ ಕಾಲವನ್ನು ಕುರಿತು ಬರೆದ ಪರದೇಶದವರು ಕಥೆಯನ್ನು ಎಡದಂಡೆಯಿಂದಲೇ ಎತ್ತಿಕೊಳ್ಳುತ್ತಾರೆ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ತಾನು ಕೇಳಿದ ಸ್ಥಾಪನೆಯ ಕಥೆಯಲ್ಲಿ 'ನಾಗುಂದಿಂ' ಎಂಬ ಕೋಟೆಯೂರನ್ನು ಹೆಸರಿಸುತ್ತಾನೆ. ವಿದ್ವಾಂಸರು ಅದನ್ನು ಆನೆಗೊಂದಿಯೆಂದು ಗುರುತಿಸಿದ್ದಾರೆ. ದೆಹಲಿಯ ಸುಲ್ತಾನನ ಸೈನ್ಯ ಆ ಊರನ್ನು ಗೆದ್ದುಕೊಂಡದ್ದು, ಅಲ್ಲಿ ಬಿಟ್ಟುಹೋದ ಅಧಿಕಾರಿಗೆ ಜನ ಮಣಿಯದೇ ಹೋದದ್ದು, ಕೊನೆಗೆ ಸೆರೆಯಾಗಿದ್ದ ಹಳೆಯ ಮಂತ್ರಿಯೊಬ್ಬನನ್ನೇ ಅರಸನನ್ನಾಗಿ ಮಾಡಿ ಕಳುಹಿಸಬೇಕಾಗಿ ಬಂದದ್ದು, ಆ ಹೊಸ ಅರಸ ಹೊಳೆ ದಾಟಿ ಬೇಟೆಗೆ ಹೋದಾಗ ಮೊಲವೊಂದು ನಾಯಿಗಳ ಮೇಲೆಯೇ ತಿರುಗಿಬಿದ್ದದ್ದು, ಇವೆಲ್ಲ ಅವನ ಕಥೆಯಲ್ಲಿವೆ. ಮೊಲ ನಾಯಿಯನ್ನು ಅಟ್ಟಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅರಸ ಬೇಟೆಗೆ ಹೊರಟದ್ದು ಯಾವ ಊರಿನಿಂದ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಇದು ಐತಿಹ್ಯವೇ ಹೊರತು ಶಾಸನವಲ್ಲ, ನಿಜ. ಆದರೂ ವಿಜಯನಗರಕ್ಕೆ ಮುಂಚೆ ಈ ಸೀಮೆಯನ್ನು ಆಳುತ್ತಿದ್ದ ಕಂಪಿಲರಾಯನ ರಾಜ್ಯ 1327ರ ಸುಮಾರಿಗೆ ದೆಹಲಿಯ ದಾಳಿಗೆ ಕುಸಿದುದು ಐತಿಹಾಸಿಕ ಸಂಗತಿ. ತನ್ನ ಕೋಟೆಯಾದ ಕುಮ್ಮಟದುರ್ಗ ಕೈಬಿಟ್ಟ ಬಳಿಕ ಆ ಅರಸ ಆಶ್ರಯಿಸಿದ ಹೊಸದುರ್ಗ ಆನೆಗೊಂದಿಯೇ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ.

ಊರಿನ ಹಳಮೆಗೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕೆಂದವರು ಹುಚ್ಚಪ್ಪಯ್ಯನ ಮಠಕ್ಕೆ ಹೋಗಬೇಕು. ಸಾಮಾನ್ಯ ಮಂಟಪದಂತೆ ಕಾಣುವ ಆ ಕಟ್ಟಡದ ಒಳಗೆ ಕಡೆದ ಕರಿಕಲ್ಲಿನ ಕಂಬಗಳು ನಿಂತಿವೆ. ತಿರುಗಣೆಗೆ ಕೊಟ್ಟು ಉಂಗುರ ಉಂಗುರವಾಗಿ ತೆಗೆದು, ಕೈಯಾಡಿಸಿದರೆ ಜಾರುವಷ್ಟು ನುಣುಪು ಮಾಡಿರುವ ಆ ಕಂಬಗಳ ಕೆಲಸ ವಿಜಯನಗರದ ಒರಟು ಕಣಶಿಲೆಯ ಕೆಲಸವಲ್ಲ. ಲಕ್ಕುಂಡಿ, ಇಟಗಿ, ಕುಕನೂರುಗಳ ಗುಡಿಗಳನ್ನು ನೋಡಿದವರಿಗೆ ಅದು ವಿಜಯನಗರಕ್ಕಿಂತ ಹಿಂದಿನ ಚಾಲುಕ್ಯರ ಕಾಲದ ಕೈ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅದೇ ಮಠದಲ್ಲಿ ಬಣ್ಣದ ಚಿತ್ರಗಳ ಕುರುಹುಗಳೂ ಉಳಿದಿವೆ. ಒಂದು ಕಾಲದ ಕಂಬ, ಇನ್ನೊಂದು ಕಾಲದ ಚಾವಣಿ, ಮತ್ತೊಂದು ಕಾಲದ ಬಣ್ಣ, ಎಲ್ಲವೂ ಒಂದೇ ಸೂರಿನಡಿ ಸೇರಿರುವುದರಿಂದಲೇ ಈ ಊರನ್ನು ಯಾವುದೋ ಒಂದು ರಾಜವಂಶದ ಖಾತೆಗೆ ಹಾಕಿ ಮುಗಿಸುವುದು ಸಾಧ್ಯವಿಲ್ಲ. ಇನ್ನೂ ಹಿಂದಕ್ಕೆ ಹೋಗುವುದಾದರೆ ಒನಕೆ ಕಿಂಡಿಯ ಬಂಡೆಗಳ ಮೇಲಿನ ಆದಿಮಾನವರ ಚಿತ್ರಗಳಿವೆ. ಇದೇ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ನೂರಾರು ಶಿಲಾಸಮಾಧಿಗಳ ಊರೇ ಇದೆ.

ಹೀಗಿರುವಾಗ ಆನೆಗೊಂದಿ ಚರಿತ್ರೆಯ ಅಂಚಿಗೆ ಸರಿದುದು ಏಕೆ? ಹಂಪಿಯ ವೈಭವದ ಮುಂದೆ ಅದು ಮಂಕಾಯಿತು ಎಂಬುದು ರೂಢಿಯ ಉತ್ತರ. ನನ್ನ ಅಭಿಪ್ರಾಯದಲ್ಲಿ ಕಾರಣ ಅದಕ್ಕಿಂತ ಹೆಚ್ಚಾಗಿ ಕಚೇರಿಯ ಕಡತಗಳಲ್ಲಿದೆ. 1799ರಲ್ಲಿ ಟಿಪ್ಪು ಮಡಿದ ಬಳಿಕ ಅವನ ರಾಜ್ಯವನ್ನು ಹಂಚಿಕೊಂಡಾಗ ಹೈದರಾಬಾದಿನ ನಿಜಾಮನ ಪಾಲಿಗೆ ಬಂದಿದ್ದ ಬಳ್ಳಾರಿ ಸೀಮೆಯನ್ನು ಅವನು 1800ರ ಒಪ್ಪಂದದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ತುಂಗಭದ್ರೆಯೇ ಗಡಿಯಾಯಿತು. ಅಲ್ಲಿಯವರೆಗೆ ಒಂದೇ ರಾಜಧಾನಿಯ ಎರಡು ದಡಗಳಾಗಿದ್ದ ಹಂಪಿ ಮತ್ತು ಆನೆಗೊಂದಿ, ಒಂದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೂ ಇನ್ನೊಂದು ನಿಜಾಮನ ಸೀಮೆಗೂ ಸೇರಿದವು. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ಹಂಪಿಯ ಛಾಯಾಚಿತ್ರಗಳನ್ನು ತೆಗೆದದ್ದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾಂಗ್‌ಹರ್ಸ್ಟ್ ಮೊದಲಾದ ಪುರಾತತ್ತ್ವ ಅಧಿಕಾರಿಗಳು ಪೊದೆ ಕಡಿಸಿ, ಕುಸಿದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ್ದು, ಎಲ್ಲವೂ ಬ್ರಿಟಿಷರ ಆಡಳಿತವಿದ್ದ ದಡದಲ್ಲಿ ನಡೆದ ಕೆಲಸ. ಎದುರು ದಡ ಬೇರೆ ಸರ್ಕಾರದ್ದು. ಆ ಸರ್ಕಾರ ತನ್ನ ಪುರಾತತ್ತ್ವ ಇಲಾಖೆಯನ್ನು ಆರಂಭಿಸಿದ್ದೇ 1914ರಲ್ಲಿ, ಅದರ ಕೈತುಂಬ ಅಜಂತಾ, ಎಲ್ಲೋರಾ, ಬೀದರ್‌ಗಳ ಕೆಲಸವಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು, 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಿತು, 1956ರಲ್ಲಿ ಆನೆಗೊಂದಿ ಆಗ ಸೇರಿದ್ದ ರಾಯಚೂರು ಜಿಲ್ಲೆಯೂ ಬಂದು ಎರಡು ದಡಗಳೂ ಮತ್ತೆ ಒಂದು ಸರ್ಕಾರದ ಕೆಳಗಾದವು. ನಡುವೆ ಕಳೆದದ್ದು 156 ವರ್ಷ. ಹಂಪಿಯ ಚರಿತ್ರೆ ಬರೆಯಲ್ಪಟ್ಟದ್ದು, ಅದರ ನಕ್ಷೆಗಳು ಸಿದ್ಧವಾದದ್ದು, ಅದು ಪ್ರವಾಸಿಗರ ಊರಾದದ್ದು ಈ ಅವಧಿಯಲ್ಲಿಯೇ.

ಗಡಿ ಅಳಿಸಿಹೋದರೂ ಅಭ್ಯಾಸ ಅಳಿಯಲಿಲ್ಲ. 1997ರಿಂದ ಆನೆಗೊಂದಿ ಕೊಪ್ಪಳ ಜಿಲ್ಲೆಯಲ್ಲಿದೆ. ಹಂಪಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಹಂಪಿ ಉತ್ಸವ ಒಂದು ಜಿಲ್ಲಾಡಳಿತದ್ದು, ಆನೆಗೊಂದಿ ಉತ್ಸವ ಇನ್ನೊಂದರದ್ದು. ಎರಡನೆಯದು ಒಂದು ವರ್ಷ ನಡೆದರೆ ಮುಂದಿನ ವರ್ಷ ನಡೆಯುತ್ತದೆಂಬ ಭರವಸೆಯಿಲ್ಲ. ಹಂಪಿಯ ಸ್ಮಾರಕಗಳು ಯುನೆಸ್ಕೋ ಪಟ್ಟಿಗೆ ಸೇರಿದ್ದು 1986ರಲ್ಲಿ. ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕಾಗಿ 2002ರಲ್ಲಿ ಕಾಯ್ದೆ ರೂಪುಗೊಂಡಾಗ ಎರಡೂ ದಡಗಳ ಹಳ್ಳಿಗಳು ಅದರ ವ್ಯಾಪ್ತಿಗೆ ಬಂದವು. ಆನೆಗೊಂದಿ ಅದರ ಒಳವಲಯದಲ್ಲಿಯೇ ಇದೆ. ಅಂದರೆ ನಿರ್ಬಂಧಗಳಲ್ಲಿ ಹಂಪಿಗೆ ಸಮನಾದ ಪಾಲು ಈ ಊರಿಗೆ ಸಿಕ್ಕಿದೆ. ಗಮನದಲ್ಲಿ ಮಾತ್ರ ಸಿಕ್ಕಿಲ್ಲ.

ಆನೆಗೊಂದಿಗೂ ಹಂಪಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. 1565ರ ಯುದ್ಧದ ಬಳಿಕ ರಾಜಧಾನಿ ಹಾಳಾಯಿತು. ಈ ಹಳ್ಳಿ ಹಾಳಾಗಲಿಲ್ಲ. ವಿಜಯನಗರದ ಕೊನೆಯ ರಾಜವಂಶವಾದ ಅರವೀಡು ಮನೆತನದ ಕುಡಿಯೆಂದು ಹೇಳಿಕೊಳ್ಳುವ ಅರಸರು ಬಿಜಾಪುರ, ಮರಾಠರು, ಹೈದರ್, ಟಿಪ್ಪು, ನಿಜಾಮ, ಹೀಗೆ ಮೇಲಿನ ಪ್ರಭುತ್ವ ಬದಲಾದಂತೆ ಒಮ್ಮೆ ಊರು ಬಿಟ್ಟು, ಮತ್ತೊಮ್ಮೆ ಮರಳಿ, ಆನೆಗೊಂದಿ ಸಂಸ್ಥಾನವೆಂಬ ಹೆಸರನ್ನು ಇಪ್ಪತ್ತನೆಯ ಶತಮಾನದವರೆಗೂ ಉಳಿಸಿಕೊಂಡರು. ಊರ ನಡುವಿನ ರಂಗನಾಥಸ್ವಾಮಿ ಗುಡಿಯಲ್ಲಿ ಇಂದಿಗೂ ಪೂಜೆಯಿದೆ, ತೇರಿದೆ. ಗುಡಿಯ ಎದುರಿಗೆ ಗಗನ ಮಹಲ್ ಇದೆ. ಕೋಟೆಯ ಗೋಡೆ ಮತ್ತು ಬಾಗಿಲುಗಳ ಒಳಗೆ ಜನ ಸಂಸಾರ ನಡೆಸುತ್ತಿದ್ದಾರೆ. ಹಂಪಿಯಲ್ಲಿ ನಾವು ನೋಡುವುದು ನಿಂತುಹೋದ ನಗರವನ್ನು. ಇಲ್ಲಿ ನೋಡಬೇಕಾದದ್ದು ನಿಲ್ಲದೆ ಸಾಗಿ ಬಂದ ಊರನ್ನು. ಇಂಥ ಊರಿಗೆ ಸ್ಮಾರಕ ಸಂರಕ್ಷಣೆಯ ಸಾಮಾನ್ಯ ವಿಧಾನ, ಅಂದರೆ ತಂತಿ ಬೇಲಿ, ನೀಲಿ ಫಲಕ, ಹುಲ್ಲುಹಾಸು ಮತ್ತು ಸೆಕ್ಯುರಿಟಿಯವರ ಶಿಳ್ಳೆ, ಹೊಂದುವುದಿಲ್ಲ.

ದೋಣಿಗಳ ಉದಾಹರಣೆಯನ್ನೇ ನೋಡಬಹುದು. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಡೊಮಿಂಗೊ ಪಾಯಸ್, ಹೊಳೆ ದಾಟಲು ಇಲ್ಲಿಯ ಜನ ಬಳಸುತ್ತಿದ್ದ ದೋಣಿಗಳನ್ನು ವಿವರವಾಗಿ ಬಣ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿನವು, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ಹುಟ್ಟು ಹಾಕಿದರೂ ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು ಬರೆಯುತ್ತಾನೆ. ಹಂಪಿಯ ದಡದ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದವರು ಯಾರೂ ಈ ವರ್ಣನೆಯಲ್ಲಿ ಒಂದಕ್ಷರ ತಿದ್ದಲಾರರು. ಚರ್ಮ ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ, ಅಷ್ಟೆ. ಐನೂರು ವರ್ಷದ ಈ ಸಾರಿಗೆಯ ಪಕ್ಕದಲ್ಲಿಯೇ ಸೇತುವೆಯ ಕಥೆಯೂ ನಡೆಯಿತು. ತಳವಾರಘಟ್ಟ ಮತ್ತು ಆನೆಗೊಂದಿಯ ನಡುವೆ ತೊಂಬತ್ತರ ದಶಕದಲ್ಲಿ ಕೈಗೆತ್ತಿಕೊಂಡ ಸೇತುವೆ ಕಾಮಗಾರಿಯಿಂದಾಗಿ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ನಿಂತಿದ್ದ ಕೆಲಸ ಮತ್ತೆ ಆರಂಭವಾಗಿ, 2009ರ ಜನವರಿಯಲ್ಲಿ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆಮೇಲೆ ಕೆಳಗೆ ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವೆ ಸೇತುವೆಯಾಯಿತು. ಸ್ಮಾರಕದ ಪರವಾಗಿದ್ದವರು, ಸೇತುವೆಯ ಪರವಾಗಿದ್ದವರು ಎಂದು ಎರಡು ಪಕ್ಷಗಳಾಗಿ ವರ್ಷಗಟ್ಟಲೆ ನಡೆದ ಈ ವಾದದಲ್ಲಿ ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಊರಿನವರಿಗೆ ಆಸ್ಪತ್ರೆಗೆ, ಕಾಲೇಜಿಗೆ ಹೋಗಲು ದಾರಿ ಬೇಕಿತ್ತು. ಮೊದಲೇ ಊರಿನವರನ್ನು ಕೂರಿಸಿಕೊಂಡು ಜಾಗ ನಿರ್ಧರಿಸಿದ್ದರೆ ಕೆಳಗಿನ ಸೇತುವೆಯೇ ಮೊದಲು ಆಗುತ್ತಿತ್ತು ಎಂದು ಈಗ ಅನ್ನಿಸುವುದು ಸಹಜ.

ಇಲ್ಲಿಯ ಗದ್ದೆಗಳ ವಿಷಯವನ್ನೂ ಹೇಳಬೇಕು. ಸಣಾಪುರದಿಂದ ಆನೆಗೊಂದಿಯವರೆಗೆ ಬಂಡೆಗಳ ಸಂದುಗಳಲ್ಲಿ ಹಸಿರಾಗಿ ಕಾಣುವ ಭತ್ತ ಮತ್ತು ಬಾಳೆಗೆ ನೀರುಣಿಸುವ ಕಾಲುವೆಗಳಲ್ಲಿ ವಿಜಯನಗರ ಕಾಲದವೂ ಸೇರಿವೆ. ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ, ಬಂಡೆಯ ಬುಡವನ್ನು ಬಳಸಿ, ಇಳಿಜಾರನ್ನು ಅಂಗುಲ ಅಂಗುಲವಾಗಿ ಕಾದುಕೊಂಡು ನೀರನ್ನು ಹರಿಸಿದ ಈ ಕಾಲುವೆಗಳು ಆ ಸಾಮ್ರಾಜ್ಯದ ಕಟ್ಟಡಗಳ ಪೈಕಿ ಇನ್ನೂ ಕೆಲಸದಲ್ಲಿರುವಂಥವು. ಅರಮನೆಗಳೆಲ್ಲ ಅಡಿಪಾಯವಾಗಿ ಉಳಿದಿರುವಾಗ ರೈತನ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ವಿಜಯನಗರ ಕಾಲುವೆಗಳ ಆಧುನೀಕರಣ ಕೈಗೆತ್ತಿಕೊಂಡದ್ದು ಕೊನೆಯಂಚಿನ ರೈತರ ದೃಷ್ಟಿಯಿಂದ ಸ್ವಾಗತಾರ್ಹವೇ. ಆದರೆ ಹಳೆಯ ಕಲ್ಲುಗಟ್ಟಣೆ ಎಲ್ಲೆಲ್ಲಿತ್ತು, ಹೇಗಿತ್ತು ಎಂಬುದರ ಅಳತೆ ಮತ್ತು ಚಿತ್ರಗಳ ದಾಖಲೆ ಸಾರ್ವಜನಿಕರಿಗೆ ದೊರೆಯುವಂತಾಗಬೇಕು. ಕಾಂಕ್ರೀಟು ಮುಚ್ಚಿದ ಮೇಲೆ ಅದನ್ನು ಯಾರೂ ನೋಡಲಾರರು.

ಮನೆಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಊರಿನ ಹಳೆಯ ಓಣಿಗಳಲ್ಲಿ ಕಲ್ಲಿನ ತಳಪಾಯ, ದಪ್ಪ ಮಣ್ಣಿನ ಗೋಡೆ, ಮುಂದೆ ಕೂರುವ ಕಟ್ಟೆ, ಒಳಗೆ ಮರದ ಕಂಬದ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆಯಿರುವ ಮನೆಗಳು ಉಳಿದಿವೆ. ಬೇಸಿಗೆಯಲ್ಲಿ ಈ ಬಂಡೆಗಳ ಸೀಮೆಯ ಬಿಸಿಲು ಎಂಥದು ಎಂಬುದನ್ನು ಬಲ್ಲವರಿಗೆ ಮಾಳಿಗೆ ಮನೆಯ ತಂಪು ಏನೆಂದು ಗೊತ್ತು. ಆದರೆ ಮಾಳಿಗೆ ಉಳಿಯಬೇಕಾದರೆ ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹೊಡೆಸಬೇಕು, ಜಂತೆ ಜೀರ್ಣವಾದರೆ ಬದಲಾಯಿಸಬೇಕು. ಆ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಮರ ದುಬಾರಿಯಾಗಿದೆ. ಒಳವಲಯವಾದ್ದರಿಂದ ಹೊಸದಾಗಿ ಕಟ್ಟುವುದಕ್ಕೆ ಪ್ರಾಧಿಕಾರದ ಒಪ್ಪಿಗೆ ಬೇಕು. ಮಣ್ಣಿನ ಮನೆ ಉಳಿಸಿಕೊಳ್ಳಲು ನೆರವಿಲ್ಲ, ಆರ್‌ಸಿಸಿ ಮನೆ ಕಟ್ಟಲು ಅನುಮತಿಯಿಲ್ಲ ಎಂಬ ಸ್ಥಿತಿಯಲ್ಲಿ ಸಿಕ್ಕಿಕೊಂಡ ಕುಟುಂಬ ಮಾಡುವುದು ಒಂದೇ: ಸೋರುವ ಕಡೆ ತಗಡು ಹೊದಿಸುವುದು, ಇಲ್ಲವೇ ಗುಟ್ಟಾಗಿ ಕಟ್ಟಿಕೊಂಡು ನೋಟಿಸಿಗೆ ಹೆದರುತ್ತ ಇರುವುದು. ಊರಿನವರನ್ನು ಅಕ್ರಮ ಕಟ್ಟುವವರೆಂದು ದೂರುವುದು ಸುಲಭ. ಅವರಿಗೆ ಸಕ್ರಮವಾಗಿ ದುರಸ್ತಿ ಮಾಡಿಕೊಳ್ಳುವ ದಾರಿಯನ್ನು ತೋರಿಸಿದ್ದೇವೆಯೇ ಎಂದು ಮೊದಲು ಕೇಳಿಕೊಳ್ಳಬೇಕು. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಿಂದ ಜನರನ್ನು ಎಬ್ಬಿಸಿದ ರೀತಿ, 2020ರಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ತೆರವು, ಇವೆರಡನ್ನೂ ಕಣ್ಣಾರೆ ಕಂಡಿರುವ ಆನೆಗೊಂದಿಯ ಜನ ಪರಂಪರೆ ಎಂಬ ಮಾತು ಕಿವಿಗೆ ಬಿದ್ದರೆ ಜೆಸಿಬಿಯನ್ನು ನೆನೆದರೆ ಅದು ಅವರ ತಪ್ಪಲ್ಲ. ಆ ಎರಡು ಪ್ರಕರಣಗಳ ಕಾನೂನು ಬೇರೆ ಬೇರೆ, ನ್ಯಾಯಾಲಯದ ಆದೇಶಗಳ ಬಗ್ಗೆ ನನ್ನ ತಕರಾರಿಲ್ಲ. ಭಯ ಮಾತ್ರ ಉಳಿದುಕೊಂಡಿದೆ.

ಬೇರೆ ರೀತಿಯಲ್ಲೂ ಕೆಲಸ ಮಾಡಬಹುದೆಂಬುದಕ್ಕೆ ಉದಾಹರಣೆ ಈ ಊರಿನಲ್ಲಿಯೇ ಇದೆ. ತೊಂಬತ್ತರ ದಶಕದ ಕೊನೆಯಿಂದ ಇಲ್ಲಿ ಕೆಲಸ ಮಾಡುತ್ತಿರುವ ಕಿಷ್ಕಿಂದ ಟ್ರಸ್ಟ್, ಗೊನೆ ಕಡಿದ ಮೇಲೆ ಹೊಲದಲ್ಲಿ ಕೊಳೆಯುತ್ತಿದ್ದ ಬಾಳೆ ದಿಂಡಿನ ನಾರಿನಿಂದ ಚೀಲ, ಚಾಪೆ, ಬುಟ್ಟಿ ಹೆಣೆಯುವುದನ್ನು ಊರಿನ ಮಹಿಳೆಯರಿಗೆ ದುಡಿಮೆಯಾಗಿಸಿದೆ, ಕೆಲವು ಹಳೆಯ ಮನೆಗಳನ್ನು ಅವುಗಳ ರೂಪ ಕೆಡದಂತೆ ದುರಸ್ತಿ ಮಾಡಿ ಅತಿಥಿಗಳು ತಂಗಲು ಬಳಸಿದೆ. ಒಂದು ಸಂಸ್ಥೆಯಿಂದ ಇಷ್ಟಾಗುವುದಾದರೆ ಸರ್ಕಾರದಿಂದ ಇನ್ನೆಷ್ಟೋ ಆಗಬಹುದು.

ಈಗ ಅಂಜನಾದ್ರಿಯ ಮಾತಿಗೆ ಬರುತ್ತೇನೆ. ಭಕ್ತರ ನಂಬಿಕೆಯನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಪಂಪಾ ಸರೋವರ, ಶಬರಿಯ ಗುಹೆ, ವಾಲಿಯ ಭಂಡಾರ ಎಂದು ಜನ ತಲೆಮಾರುಗಳಿಂದ ಗುರುತಿಸಿಕೊಂಡು ಬಂದ ತಾಣಗಳೂ ಈ ಊರಿನ ಚರಿತ್ರೆಯ ಭಾಗವೇ. ಹನುಮ ಹುಟ್ಟಿದ್ದು ಇಲ್ಲಿಯೋ ತಿರುಮಲದಲ್ಲಿಯೋ ಎಂದು 2021ರಲ್ಲಿ ಎದ್ದ ವಿವಾದದಿಂದ ನಮ್ಮ ಸರ್ಕಾರ ಎಚ್ಚೆತ್ತುಕೊಂಡಿತು ಎಂಬುದು ಬೇರೆ ಮಾತು. ನನ್ನ ಆತಂಕ ಯೋಜನೆಯ ವ್ಯಾಪ್ತಿಯ ಬಗೆಗಿನದು. 575 ಮೆಟ್ಟಿಲುಗಳ ಬೆಟ್ಟವನ್ನು ನಡುವೆ ಇಟ್ಟು ರಸ್ತೆ ಅಗಲೀಕರಣ, ವಸತಿಗೃಹ, ವಾಣಿಜ್ಯ ಮಳಿಗೆಗಳ ಲೆಕ್ಕ ಹಾಕುವಾಗ ಆ ರಸ್ತೆ ಹಾದುಹೋಗುವ ಊರಿನ ಕೋಟೆ ಬಾಗಿಲು, ಮಂಟಪ, ಮನೆಗಳ ಲೆಕ್ಕವನ್ನೂ ಹಾಕಬೇಕು. ಡಿಸೆಂಬರಿನ ಹನುಮಮಾಲೆಯ ದಿನಗಳಲ್ಲಿ ಬರುವ ವಾಹನಗಳ ಸಾಲು ಊರೊಳಗಿನ ಓಣಿಗಳಿಗೆ ಹೊರಲಾರದ ಭಾರ. ಹೊಳೆಯ ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವವೃಂದಾವನಕ್ಕೆ ಬರುವ ಯಾತ್ರಿಕರು ಬೇರೆ. 2019ರ ಜುಲೈನಲ್ಲಿ ಅಲ್ಲಿಯ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದುಹಾಕಿದಾಗ ನಾಡಿಗೆ ನಾಡೇ ಮರುಗಿತು, ಭಕ್ತರು ಕೂಡಲೇ ಅದನ್ನು ಮರಳಿ ಕಟ್ಟಿಸಿದರು. ಅದರ ಹತ್ತಿರದಲ್ಲಿಯೇ ಹೊಳೆಯೊಳಗೆ ನಿಂತಿರುವ 64 ಕಂಬದ ಮಂಟಪ, ಊರಿನವರು ಕೃಷ್ಣದೇವರಾಯನ ಸಮಾಧಿಯೆಂದು ಹೇಳುವ ಆ ಮಂಟಪ, ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಮುಳುಗೇಳುತ್ತಿದೆ. ಹೊಳೆಯ ಅಬ್ಬರ ಹೆಚ್ಚಿದ ವರ್ಷ ಅದರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ನೀರು ಇಳಿದ ಮೇಲೆ ಯಾವ ಕಲ್ಲು ಎಷ್ಟು ಸರಿದಿದೆ ಎಂದು ನೋಡಿದವರ ವರದಿಯನ್ನು ನಾನಂತೂ ಓದಿಲ್ಲ.

ಆದ್ದರಿಂದ ಪ್ರಾಧಿಕಾರವು ಕೊಪ್ಪಳ ಜಿಲ್ಲಾಡಳಿತದ ಜೊತೆಗೂಡಿ ಆನೆಗೊಂದಿ ಮತ್ತು ಅದರ ಕೋಟೆಯ ಆವರಣಕ್ಕೆಂದೇ ಪ್ರತ್ಯೇಕವಾದ ಗ್ರಾಮ ಸಂರಕ್ಷಣಾ ಯೋಜನೆಯನ್ನು, ಗ್ರಾಮಸಭೆಯಲ್ಲಿ ಓದಿ ಹೇಳಿ, ಕನ್ನಡದಲ್ಲಿಯೇ ಸಿದ್ಧಪಡಿಸಬೇಕೆಂದು ಕೋರುತ್ತೇನೆ. ಮನೆ ಮನೆಯ ಅಳತೆ ಮತ್ತು ಛಾಯಾಚಿತ್ರಗಳ ದಾಖಲೆ, ಮಾಳಿಗೆ ಮನೆಗಳ ದುರಸ್ತಿಗೆ ಸಹಾಯಧನ, ಯಾವ ಬದಲಾವಣೆಗೆ ಅನುಮತಿ ಬೇಕು ಯಾವುದಕ್ಕೆ ಬೇಡ ಎಂಬುದನ್ನು ಸ್ಪಷ್ಟವಾಗಿ ಹೇಳುವ ಒಂದು ಪುಟದ ಸೂಚನೆ, ಅರ್ಜಿಗಳನ್ನು ವಾರಕ್ಕೊಮ್ಮೆಯಾದರೂ ಊರಿನಲ್ಲಿಯೇ ಸ್ವೀಕರಿಸುವ ವ್ಯವಸ್ಥೆ, ಇವು ಅದರಲ್ಲಿರಬೇಕು. ಕೊನೆಯದೊಂದೇ ಆದರೂ ಜನರ ಅರ್ಧ ಸಿಟ್ಟು ಇಳಿಯುತ್ತದೆ. ಯಾತ್ರಿಕರ ವಾಹನಗಳನ್ನು ಊರ ಹೊರಗೇ ನಿಲ್ಲಿಸಿ, ಅಲ್ಲಿಂದ ಬೆಟ್ಟಕ್ಕೆ ಸಣ್ಣ ಬಸ್ಸುಗಳನ್ನು ಓಡಿಸಲು ದೊಡ್ಡ ಅನುದಾನವೇನೂ ಬೇಡ.

ಇನ್ನು ಚರಿತ್ರೆಯ ಬರವಣಿಗೆ. ಗಡಿಯಾಚೆ ಈಚೆ ಹರಿದುಹೋದ ಈ ಊರಿನ ದಾಖಲೆಗಳು ಇಂದಿಗೂ ಹರಿದೇ ಇವೆ. ನಿಜಾಮರ ಕಾಲದ ಪಾರಸಿ ಮತ್ತು ಉರ್ದು ಕಾಗದಗಳಿಗೆ ಹೈದರಾಬಾದಿನ ಪತ್ರಾಗಾರಕ್ಕೆ ಹೋಗಬೇಕು, ಮದರಾಸು ಪ್ರಾಂತ್ಯದ ಕಡತಗಳಿಗೂ ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳಿಗೂ, ಅಂದರೆ ಊರೂರಿನ ಸ್ಥಳೀಯ ಚರಿತ್ರೆಯ ಬರಹಗಳಿಗೂ, ಚೆನ್ನೈಗೆ ಹೋಗಬೇಕು. ವಯಸ್ಸಾದ ಅಂಬಿಗರು, ಪೂಜಾರರು, ಕಾಲುವೆಯ ನೀರು ತಿರುವಿದ ನೀರಗಂಟಿಗಳು ಹೇಳಬಲ್ಲ ಸಂಗತಿಗಳು ಯಾವ ಪತ್ರಾಗಾರದಲ್ಲೂ ಇಲ್ಲ. ಪಾರಸಿ ಬಲ್ಲವರೂ, ಶಾಸನ ಓದಬಲ್ಲವರೂ, ಜನಪದ ಸಂಗ್ರಹದಲ್ಲಿ ಪಳಗಿದವರೂ ಒಟ್ಟಿಗೆ ಕೂರದ ಹೊರತು ಈ ಊರಿನ ಪೂರ್ಣ ಚರಿತ್ರೆ ಆಗಲಾರದು. ಹೊಳೆಯ ಆಚೆ ದಡದಲ್ಲಿಯೇ ಕನ್ನಡ ವಿಶ್ವವಿದ್ಯಾಲಯವಿದೆ. ಈ ಕೆಲಸವನ್ನು ಅದಕ್ಕೆ ವಹಿಸಿ, ಅಂಜನಾದ್ರಿಗೆ ತೆಗೆದಿಟ್ಟ ಹಣದಲ್ಲಿ ಒಂದು ಸಣ್ಣ ಪಾಲನ್ನು ಇದಕ್ಕೆ ಕೊಡುವಂತೆ ಸರ್ಕಾರ ಆದೇಶ ಹೊರಡಿಸಬೇಕು. ಮುಂದಿನ ಹನುಮಮಾಲೆಗೆ ಮುಂಚೆ ವಾಹನ ನಿಲುಗಡೆಯ ವಿಷಯವನ್ನಾದರೂ ಗ್ರಾಮ ಪಂಚಾಯಿತಿಯೊಂದಿಗೆ ಕುಳಿತು ಇತ್ಯರ್ಥ ಮಾಡಬೇಕೆಂದು ಜಿಲ್ಲಾಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ,
ಗಂಗಾವತಿ